ಮೈದಾನದ ಗೋಡೆಗೆ ಐದು ಫುಟ್‌ಬಾಲ್ ಆಟಗಾರರ ಚಿತ್ರ: ಯಾರನ್ನ ಹಾಕೋದು?

ಸೆವೆನ್ಸ್ ಸುಂಟಿಕೊಪ್ಪ
ನಮ್ಮ ಮೈದಾನದ ಕಾಂಪೌಂಡ್ ಗೋಡೆಗೆ ಬೇಸಿಗೆ ಟೂರ್ನಿ ಶುರುವಾಗೋದ್ರೊಳಗೆ ಬಣ್ಣ ಹೊಡೆಸ್ತಾ ಇದ್ದೇವೆ. ಗೇಟಿನ ಪಕ್ಕ ಐದು ಜನ ಫುಟ್‌ಬಾಲ್ ಆಟಗಾರರ ಚಿತ್ರ ಬರೆಸೋದು ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಒಂದೇ ಷರತ್ತು, ದೇಶದ ಜರ್ಸಿ ಹಾಕಿ ದೊಡ್ಡ ಆಟ ಆಡಿದವರಾಗಿರಬೇಕು. ಕ್ಲಬ್ಬಿನ ಗೋಲು, ಕ್ಲಬ್ಬಿನ ಕಪ್ಪು ಲೆಕ್ಕಕ್ಕಿಲ್ಲ. ಹುಡುಗರನ್ನ ಕೇಳಿದ್ರೆ ಮೆಸ್ಸಿ, ರೊನಾಲ್ಡೊ, ನೇಮಾರ್, ಎಂಬಾಪೆ ಅಂದು ಅಲ್ಲಿಗೆ ನಿಲ್ಲಿಸ್ತಾರೆ. ಅವರ ತಪ್ಪಲ್ಲ, ನೋಡಿರೋದೇ ಅಷ್ಟು.

ನನ್ನ ಪಟ್ಟಿ: ಪೆಲೆ, ಮರಡೋನಾ, ಕ್ರೈಫ್, ಬೆಕೆನ್‌ಬೌರ್, ಮೆಸ್ಸಿ. ಚಿತ್ರದ ಕೆಳಗೆ ಎರಡೆರಡು ಸಾಲು ಬರೆಸೋ ಯೋಚನೆ ಇದೆ. ಹಾಗಾಗಿ ಬರೀ ಹೆಸರು ಹೇಳಿ ಹೋಗಬೇಡಿ, ಯಾಕೆ ಅಂತಾನೂ ಹೇಳಿ.

ಸಿದ್ದಾಪುರ ಹತ್ತು
ಮರಡೋನಾ, ಮೆಸ್ಸಿ ಇದ್ದಾರಲ್ಲ, ಸಾಕು. ಉಳಿದ ಮೂರು ಜಾಗಕ್ಕೆ ನೀವು ಜಗಳ ಆಡ್ಕೊಳ್ಳಿ.

ಕುಶಾಲನಗರ ಏಳು
ಕ್ರಿಸ್ಟಿಯಾನೊ ರೊನಾಲ್ಡೊ ಯಾಕಿಲ್ಲ? ದೇಶದ ಜರ್ಸಿ ಅಂತ ನೀವೇ ಹೇಳಿದ್ರಿ. ಪುರುಷರ ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಗೋಲು ಅವನದ್ದೇ. ಇರಾನಿನ ಅಲಿ ದಾಯಿಯ 109 ಗೋಲಿನ ದಾಖಲೆಯನ್ನ 2021ರಲ್ಲಿ ಐರ್ಲೆಂಡ್ ವಿರುದ್ಧ ದಾಟಿದ, ಆಮೇಲೂ ನಿಲ್ಲಿಸಲಿಲ್ಲ. 2006ರಿಂದ 2022ರ ತನಕ ಐದು ವಿಶ್ವಕಪ್‌ನಲ್ಲಿ ಗೋಲು ಹೊಡೆದ ಮೊದಲ ಪುರುಷ ಆಟಗಾರ. 2016ರಲ್ಲಿ ಯೂರೋ ಕಪ್ ಬೇರೆ. ಇನ್ನೆಂತ ಬೇಕು?

ಸಿದ್ದಾಪುರ ಹತ್ತು
ವಿಶ್ವಕಪ್ ಬೇಕು.

ಕುಶಾಲನಗರ ಏಳು
ಹಾಗಾದ್ರೆ ಕ್ರೈಫ್‌ನನ್ನೂ ಅಳಿಸಿ. ಅವನೂ ಗೆದ್ದಿಲ್ಲ.

ಮೂರ್ನಾಡು ಬ್ಯಾಕ್
ಕಪ್ ಗೆದ್ದವರು ಮಾತ್ರ ದೊಡ್ಡವರು ಅನ್ನೋ ಲೆಕ್ಕ ಹಿಡಿದ್ರೆ ಪುಷ್ಕಾಶ್, ಯುಸೇಬಿಯೊ, ಯಾಶಿನ್ ಎಲ್ಲರೂ ಹೊರಗೆ ಹೋಗ್ತಾರೆ. ಅದು ಸರಿಯಾದ ಲೆಕ್ಕ ಅಲ್ಲ ಮಾರಾಯ್ರೆ. 1974ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯವರ ಕಾಲಿಗೆ ಚೆಂಡು ತಾಗೋ ಮೊದಲೇ ನೆದರ್ಲೆಂಡ್ಸ್ 1-0 ಮುಂದಿತ್ತು. ಕಿಕ್‌ಆಫ್‌ನಿಂದ ಪಾಸ್ ಮೇಲೆ ಪಾಸ್ ಮಾಡ್ತಾ ಬಂದ್ರು, ಕ್ರೈಫ್ ಒಳಗೆ ನುಗ್ಗಿದ, ಬೀಳಿಸಿದ್ರು, ನೀಸ್ಕೆನ್ಸ್ ಪೆನಾಲ್ಟಿ ಹೊಡೆದ. ಕೊನೆಗೆ 2-1ರಲ್ಲಿ ಸೋತರು ನಿಜ. ಆದರೆ ಇವತ್ತು ಎಲ್ಲ ಟೀಮೂ ಬ್ಯಾಕ್‌ನಿಂದ ಪಾಸ್ ಕಟ್ಟಿಕೊಂಡು ಬರ್ತಾರಲ್ಲ, ಅದರಲ್ಲಿ ಆ ಸೋತ ಟೀಮಿನ ಪಾಲು ಎಷ್ಟಿದೆ ನೋಡಿ.

ಅದೇ ವಿಶ್ವಕಪ್‌ನಲ್ಲಿ ಸ್ವೀಡನ್ ವಿರುದ್ಧ ಅವನ ಟರ್ನ್. ಬಲಗಾಲಲ್ಲಿ ಕ್ರಾಸ್ ಹಾಕೋ ಹಾಗೆ ಕಾಲು ಎತ್ತಿದ, ಡಿಫೆಂಡರ್ ಅಡ್ಡ ಹಾರಿದ. ಕಾಲು ಚೆಂಡಿನ ಆಚೆ ಬದಿಗೆ ಹೋಯ್ತು, ಒಳಪಾದದಲ್ಲಿ ಚೆಂಡನ್ನ ತನ್ನ ನಿಂತ ಕಾಲಿನ ಹಿಂದಿನಿಂದ ಎಳ್ಕೊಂಡು ತಿರುಗಿಯೇ ಬಿಟ್ಟ. ಡಿಫೆಂಡರ್ ಇನ್ನೂ ಆ ಕಡೆ ಮುಖ ಮಾಡಿ ನಿಂತಿದ್ದ. ಆ ಮ್ಯಾಚ್ 0-0. ಗೋಲೇ ಆಗದ ಮ್ಯಾಚಿನ ಒಂದು ತಿರುವನ್ನ ಐವತ್ತು ವರ್ಷ ಆದ್ಮೇಲೂ ನಮ್ಮ ಮಕ್ಕಳು ಪ್ರಾಕ್ಟೀಸ್ ಮಾಡ್ತಾರೆ.

ನಾಪೋಕ್ಲು ಹಾಕಿ
ಕೊಡಗಿನಲ್ಲಿ ಗೋಡೆ ಮೇಲೆ ಬರೆಸೋದಕ್ಕೆ ಹಾಕಿಯವರು ಸಿಗಲಿಲ್ವಾ? ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ಟೀಮಿನ ಎಂ.ಎಂ. ಸೋಮಯ್ಯ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬ ಇವತ್ತು ಎಷ್ಟು ದೊಡ್ಡದಾಗಿದೆ. ಇಲ್ಲೇ ಹುಟ್ಟಿದವರನ್ನ ಬಿಟ್ಟು ಬ್ರೆಜಿಲ್‌ಗೆ ಹೋಗಬೇಕಾ?

ಸೆವೆನ್ಸ್ ಸುಂಟಿಕೊಪ್ಪ
ಅಣ್ಣ, ಇದು ಫುಟ್‌ಬಾಲ್ ಮೈದಾನ. ಹಾಕಿ ಮೇಲೆ ನಮಗೂ ಅಷ್ಟೇ ಅಭಿಮಾನ ಇದೆ. ಆದರೆ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಬಂತು ಅಂದ್ರೆ ಇಡೀ ಊರು ಮೈದಾನದ ಸುತ್ತ ನಿಂತಿರುತ್ತೆ. ಎಸ್ಟೇಟ್ ಲೈನ್‌ಗಳಲ್ಲಿ, ಅಂದ್ರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಬೆಳೆದ ಹುಡುಗರು ಎಷ್ಟೋ ಜನ ಬರಿಗಾಲಲ್ಲಿ ಆಟ ಕಲಿತದ್ದು ಇಲ್ಲೇ. ಈ ಗೋಡೆ ಅವರಿಗೆ.

ಮಡಿಕೇರಿ ಹಳೇ ರೇಡಿಯೋ
ಪೆಲೆ ಬಗ್ಗೆ ತಕರಾರಿಲ್ಲ. 1958ರಲ್ಲಿ 17 ವರ್ಷದ ಹುಡುಗ, ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಮೇಲೆ ಹ್ಯಾಟ್ರಿಕ್, ಫೈನಲ್‌ನಲ್ಲಿ ಸ್ವೀಡನ್ ಮೇಲೆ ಎರಡು ಗೋಲು. ಮೂರು ವಿಶ್ವಕಪ್ ಗೆದ್ದ ಆಟಗಾರ ಇವತ್ತಿಗೂ ಅವರೊಬ್ಬರೇ. 1977ರಲ್ಲಿ ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ನ್ಯೂಯಾರ್ಕಿನ ಕಾಸ್ಮೋಸ್ ಕ್ಲಬ್ ಪರ ಆಡಿ ಹೋಗಿದ್ದಾರೆ, ಮ್ಯಾಚ್ 2-2.

ಆದರೆ ಪೆಲೆ ಇದ್ದ ಕಡೆ ಗ್ಯಾರಿಂಚಾ ಇಲ್ಲದಿದ್ರೆ ಆ ಚಿತ್ರ ಅರ್ಧ. ಇಬ್ಬರೂ ಒಟ್ಟಿಗೆ ಇಳಿದ ಒಂದು ಮ್ಯಾಚನ್ನೂ ಬ್ರೆಜಿಲ್ ಸೋತಿಲ್ಲ. 1962ರಲ್ಲಿ ಎರಡನೇ ಮ್ಯಾಚಿನಲ್ಲೇ ಪೆಲೆಗೆ ಪೆಟ್ಟಾಗಿ ಕೂತರು. ಆ ಕಪ್ಪನ್ನ ತಂದುಕೊಟ್ಟದ್ದು ಗ್ಯಾರಿಂಚಾ. ಇಂಗ್ಲೆಂಡ್ ಮೇಲೆ ಎರಡು, ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿ ಮೇಲೆ ಎರಡು. ಅವರು ಮಾಡ್ತಿದ್ದ ಡಾಡ್ಜ್ ಒಂದೇ. ಚೆಂಡಿನ ಮುಂದೆ ನಿಂತು ಮೈಯನ್ನ ಒಂದು ಕಡೆ ವಾಲಿಸೋದು, ಮತ್ತೆ ವಾಲಿಸೋದು, ಆಮೇಲೆ ಬಲಗಡೆಯಿಂದ ಹೊರಟುಬಿಡೋದು. ಬಲಗಡೆಗೇ ಹೋಗ್ತಾನೆ ಅಂತ ಎದುರಿನವನಿಗೆ ಗೊತ್ತು, ಗ್ಯಾಲರಿಗೂ ಗೊತ್ತು. ತಡೆಯೋಕೆ ಮಾತ್ರ ಆಗ್ತಿರಲಿಲ್ಲ.

ನಾಪೋಕ್ಲು ಹಾಕಿ
ಇದನ್ನ ಒಪ್ತೇನೆ. ಹಾಕಿಯಲ್ಲೂ ಒಳ್ಳೇ ರೈಟ್ ಔಟ್ ಹತ್ತಿರ ಇರೋದು ಒಂದೇ ಡಾಡ್ಜ್. ಯಾವ ಕ್ಷಣಕ್ಕೆ ಅನ್ನೋದು ಮಾತ್ರ ಗೊತ್ತಾಗೋದಿಲ್ಲ.

ಪಾಲಿಬೆಟ್ಟ ಮಳೆ
ಪುಷ್ಕಾಶ್ ಹೆಸರು ಒಂದು ಸಲ ಬಂತು, ಯಾರೂ ಕೈಗೆತ್ತಿಕೊಳ್ಳಲಿಲ್ಲ. ಹಂಗೇರಿ ಪರ 85 ಮ್ಯಾಚ್, 84 ಗೋಲು. 1953ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನ 6-3ರಲ್ಲಿ ಸೋಲಿಸಿದ್ರು. ಫುಟ್‌ಬಾಲ್ ನಮ್ಮದೇ ಅಂದುಕೊಂಡಿದ್ದವರಿಗೆ ಅವತ್ತು ಎಂತ ಆಗ್ತಿದೆ ಅಂತಾನೇ ಅರ್ಥ ಆಗಲಿಲ್ಲ. ಹಂಗೇರಿಯ ಒಂಬತ್ತನೇ ನಂಬರ್ ಹಿಡೆಗ್‌ಕುಟಿ ಮುಂದೆ ನಿಲ್ಲೋದು ಬಿಟ್ಟು ಹಿಂದಕ್ಕೆ ಬಂದ. ಅವನ ಬೆನ್ನು ಹತ್ತಿ ಬರೋದಾ, ಜಾಗದಲ್ಲೇ ನಿಲ್ಲೋದಾ ಅಂತ ಇಂಗ್ಲೆಂಡಿನ ಸೆಂಟರ್ ಹಾಫ್‌ಗೆ ಕೊನೇವರೆಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನು ಹ್ಯಾಟ್ರಿಕ್ ಹೊಡೆದಿದ್ದ.

ಇನ್ನು 1954ರ ವಿಶ್ವಕಪ್‌ನ ಬರ್ನ್ ಫೈನಲ್. ನಮ್ಮ ಜುಲೈ ತರದ್ದೇ ಮಳೆ. ಲೀಗಿನಲ್ಲಿ 8-3ರಿಂದ ಸೋಲಿಸಿದ್ದ ಅದೇ ಪಶ್ಚಿಮ ಜರ್ಮನಿ ಎದುರು ಎಂಟು ನಿಮಿಷದಲ್ಲಿ 2-0. ಮೊದಲ ಗೋಲು ಪುಷ್ಕಾಶ್‌ದೇ, ಅದೂ ಲೀಗ್ ಮ್ಯಾಚಿನಲ್ಲಿ ಪೆಟ್ಟು ಬಿದ್ದ ಕಾಲಿನಲ್ಲಿ. ಆಮೇಲೆ ನೆಲ ಕೆಸರಾಯ್ತು. ಜರ್ಮನರ ಬೂಟಿಗೆ ಅಡಿಡಾಸ್ ಕಂಪನಿಯ ಆಡಿ ಡಾಸ್ಲರ್ ತಿರುಪಿ ಹಾಕೋ ಸ್ಟಡ್ (ಬೂಟಿನಡಿಯ ಮೊಳೆ) ಕೊಟ್ಟಿದ್ದ. ನೆಲ ಒದ್ದೆಯಾದ ಹಾಗೆ ಉದ್ದದ ಸ್ಟಡ್ ಹಾಕ್ಕೊಂಡ್ರು. ಕೆಸರುಗದ್ದೆಯಲ್ಲಿ ಆಡಿದವರಿಗೆ ಅದರ ಬೆಲೆ ಗೊತ್ತು: ಕಾಲು ಊರಿ ತಿರುಗೋಕೆ ಆಗದಿದ್ರೆ ಎಷ್ಟು ಕಲೆ ಇದ್ರೂ ಉಪಯೋಗ ಇಲ್ಲ. 84ನೇ ನಿಮಿಷದಲ್ಲಿ ಜರ್ಮನಿಯ ರಾನ್ ಹೊಡೆದು 3-2. ಕೊನೆಯಲ್ಲಿ ಪುಷ್ಕಾಶ್ ಹಾಕಿದ ಗೋಲನ್ನ ಆಫ್‌ಸೈಡ್ ಅಂದ್ರು. ನಾಲ್ಕು ವರ್ಷ ಸೋಲೇ ಕಾಣದ ಟೀಮು ಸೋತದ್ದು ಅದೊಂದೇ ಮ್ಯಾಚು, ಅದೂ ಫೈನಲ್ಲು. ನನ್ನ ಓಟು ಪುಷ್ಕಾಶ್‌ಗೆ.

ಸಿದ್ದಾಪುರ ಹತ್ತು
ಅಷ್ಟೆಲ್ಲ ಒಳ್ಳೇದೇ. ಆದರೆ ಒಬ್ಬನೇ ಒಂದು ವಿಶ್ವಕಪ್ಪನ್ನ ಎಳ್ಕೊಂಡು ಹೋದದ್ದು ಅಂದ್ರೆ 1986ರ ಮರಡೋನಾ. ಐದು ಗೋಲು, ಐದು ಗೋಲಿಗೆ ಪಾಸು. ಇಂಗ್ಲೆಂಡ್ ವಿರುದ್ಧದ ಎರಡನೇ ಗೋಲು ನೋಡಿ: ತನ್ನ ಅರ್ಧದಲ್ಲೇ ಚೆಂಡು ಸಿಕ್ಕಿತು, ಇಬ್ಬರ ನಡುವೆ ತಿರುಗಿದ, ಬುಚರ್‌ನನ್ನ ದಾಟಿದ, ಫೆನ್‌ವಿಕ್‌ನನ್ನ ದಾಟಿದ, ಗೋಲ್‌ಕೀಪರ್ ಶಿಲ್ಟನ್‌ನನ್ನ ಸುತ್ತಿ ಒಳಗೆ ಹಾಕಿದ. ಬುಚರ್ ಮತ್ತೆ ಹಿಂದಿನಿಂದ ಬಂದು ಕಾಲು ಹಾಕಿದ್ರೂ ಆಗಲಿಲ್ಲ. ಚೆಂಡು ಮುಟ್ಟಿದ್ದು ಪೂರ್ತಿ ಎಡಗಾಲಲ್ಲೇ.

ಮೂರ್ನಾಡು ಬ್ಯಾಕ್
ಅದಕ್ಕೆ ನಾಲ್ಕು ನಿಮಿಷ ಮೊದಲು ಕೈಯಲ್ಲಿ ಹೊಡೆದದ್ದನ್ನೂ ಹೇಳಿ.

ಸಿದ್ದಾಪುರ ಹತ್ತು
ಹೇಳ್ತೇನೆ. ಅದು ತಪ್ಪೇ, ರೆಫರಿ ನೋಡಲಿಲ್ಲ. ಅದಕ್ಕೆ ಎರಡನೇದು ಸಣ್ಣದಾಗೋದಿಲ್ಲ. ಫೈನಲ್‌ನಲ್ಲಿ 2-0 ಇದ್ದದ್ದು 2-2 ಆದ್ಮೇಲೆ ಬುರುಚಾಗಾಗೆ ಕೊಟ್ಟ ಪಾಸ್ ಮರೆಯಬೇಡಿ. ಸುತ್ತ ಜರ್ಮನರು, ಚೆಂಡು ಕೆಳಗೆ ಬೀಳ್ತಿದ್ದ ಹಾಗೇ ಒಂದೇ ಟಚ್‌ನಲ್ಲಿ ಕಳಿಸಿದ. 3-2, ಕಪ್.

ಅಮ್ಮತ್ತಿ ಪಿ.ಟಿ. ಟೀಚರ್
ಇಷ್ಟು ಹೆಸರು ಬಂತು, ಒಬ್ಬ ಹೆಣ್ಣುಮಗಳೂ ಇಲ್ಲ. ಮೈದಾನಕ್ಕೆ ನನ್ನ ಶಾಲೆಯ ಹುಡುಗಿಯರೂ ಬರ್ತಾರೆ, ಆ ಗೋಡೆ ಅವರೂ ನೋಡ್ತಾರೆ.

2023ರ ತನಕದ ವಿಶ್ವಕಪ್‌ಗಳಲ್ಲಿ ಗಂಡು, ಹೆಣ್ಣು ಇಬ್ಬರನ್ನೂ ಸೇರಿಸಿ ಅತಿ ಹೆಚ್ಚು ಗೋಲು ಯಾರದ್ದು ಅಂತ ಕೇಳಿ ನೋಡಿ. ಜರ್ಮನಿಯ ಕ್ಲೋಸ ಅಂತಾರೆ, 16. ಬ್ರೆಜಿಲ್‌ನ ಮಾರ್ತಾ ಹೊಡೆದದ್ದು 17. ಐದು ವಿಶ್ವಕಪ್‌ನಲ್ಲಿ ಗೋಲು ಅಂತ ಕುಶಾಲನಗರದವರು ಮೇಲೆ ಹೇಳಿದ್ರಲ್ಲ, ಅದನ್ನ ಮಾರ್ತಾ 2019ರಲ್ಲೇ ಮುಗಿಸಿದ್ದರು, ಎಲ್ಲರಿಗಿಂತ ಮೊದಲು. ಅವರ ದೇಶದಲ್ಲಿ 1941ರಿಂದ 1979ರ ತನಕ ಹೆಂಗಸರು ಫುಟ್‌ಬಾಲ್ ಆಡೋದಕ್ಕೆ ಕಾನೂನಿನಲ್ಲೇ ನಿಷೇಧ ಇತ್ತು. ಪೆಲೆ ಮೂರು ಕಪ್ ಗೆದ್ದ ಕಾಲ ಪೂರ್ತಿ ಅದರೊಳಗೆ ಬರುತ್ತೆ. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ 190 ಅಂತರರಾಷ್ಟ್ರೀಯ ಗೋಲು ಹೊಡೆದಿದ್ದಾರೆ, ಯಾವ ಗಂಡಸೂ ಹತ್ತಿರ ಬಂದಿಲ್ಲ. ಇಬ್ಬರನ್ನೂ ಕೇಳ್ತಾ ಇಲ್ಲ. ಮಾರ್ತಾಗೆ ಒಂದು ಜಾಗ ಕೊಡಿ.

ಕುಶಾಲನಗರ ಏಳು
ಟೀಚರ್ ಹೇಳಿದ್ದಕ್ಕೆ ನನ್ನ ಬೆಂಬಲ. ಕ್ರೈಫ್ ಜಾಗಕ್ಕೆ ಮಾರ್ತಾ.

ಮೂರ್ನಾಡು ಬ್ಯಾಕ್
ಕ್ರೈಫ್‌ನೇ ಯಾಕೆ? ಪಶ್ಚಿಮ ಜರ್ಮನಿಯ ಬೆಕೆನ್‌ಬೌರ್ ತೆಗೀರಿ ಅಂತಾನೂ ನಾನು ಹೇಳೋದಿಲ್ಲ. 1970ರ ಸೆಮಿಫೈನಲ್‌ನಲ್ಲಿ ಭುಜ ಜಾರಿದ್ದಕ್ಕೆ ಕೈಯನ್ನ ಎದೆಗೆ ಕಟ್ಟಿಸಿಕೊಂಡು ಎಕ್ಸ್‌ಟ್ರಾ ಟೈಮ್ ಪೂರ್ತಿ ಆಡಿದವನು, ಟೀಮಿಗೆ ಸಬ್ ಬಾಕಿ ಇರಲಿಲ್ಲ. ಇಟಲಿ 4-3ರಲ್ಲಿ ಗೆದ್ದಿತು. ಬ್ಯಾಕ್ ಆಡುವವನಿಗೆ ಅದಕ್ಕಿಂತ ದೊಡ್ಡ ಪಾಠ ಬೇಡ. 1974ರಲ್ಲಿ ಕ್ಯಾಪ್ಟನ್ ಆಗಿ ಕಪ್, 1990ರಲ್ಲಿ ಕೋಚ್ ಆಗಿ ಕಪ್.

ಚೆಟ್ಟಳ್ಳಿ ಗೋಲಿ
ಫಾರ್ವರ್ಡ್‌ಗಳ ಹೆಸರೇ ಮುಗೀತಾ ಇಲ್ಲ. ಗೋಲ್ ಕಾಯೋನು ಆಟಗಾರ ಅಲ್ವಾ? ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ಯಾಲನ್ ಡೋರ್ ಗೆದ್ದ ಗೋಲ್‌ಕೀಪರ್ ಇವತ್ತಿಗೂ ಒಬ್ಬನೇ, 1963ರಲ್ಲಿ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್. 1956ರಲ್ಲಿ ಒಲಿಂಪಿಕ್ಸ್ ಚಿನ್ನ, 1960ರಲ್ಲಿ ಮೊದಲ ಯೂರೋ ಕಪ್. ಗೋಲ್ ಲೈನ್ ಮೇಲೆ ಅಂಟಿಕೊಂಡು ನಿಲ್ಲೋದು ಗೋಲಿಯ ಕೆಲಸ ಅಂತಿದ್ದ ಕಾಲದಲ್ಲಿ ಮುಂದೆ ಬಂದು ಕ್ರಾಸ್ ಹಿಡಿದ, ಬ್ಯಾಕ್‌ಗಳಿಗೆ ಕೂಗಿ ಜಾಗ ತೋರಿಸಿದ, ಹಿಡಿದ ತಕ್ಷಣ ಕೈಯಲ್ಲಿ ಎಸೆದು ಆಟ ಶುರು ಮಾಡಿದ. ನಾಪೋಕ್ಲು ಅಣ್ಣನಿಗೆ ಒಂದು ಮಾತು, ಯಾಶಿನ್ ಐಸ್ ಹಾಕಿಯಲ್ಲೂ ಗೋಲಿಯೇ.

ನಾಪೋಕ್ಲು ಹಾಕಿ
ಹಾಗಾದ್ರೆ ಯಾಶಿನ್ ಇರಲಿ.

ಮಡಿಕೇರಿ ಹಳೇ ರೇಡಿಯೋ
1958ರಲ್ಲಿ ಪೆಲೆ, ಗ್ಯಾರಿಂಚಾ ಇಬ್ಬರೂ ವಿಶ್ವಕಪ್‌ನಲ್ಲಿ ಮೊದಲ ಸಲ ಇಳಿದದ್ದು ಸೋವಿಯತ್ ವಿರುದ್ಧ. ಗೋಲಿನಲ್ಲಿ ಇದ್ದದ್ದು ಇದೇ ಯಾಶಿನ್. ಶುರುವಿನ ನಿಮಿಷಗಳಲ್ಲೇ ಇಬ್ಬರೂ ಗೋಲ್ ಕಂಬಕ್ಕೆ ಹೊಡೆದರು. ಆ ದಾಳಿಗೆ ಸಿಕ್ಕಿಯೂ ಸೋತದ್ದು ಬರೀ 2-0ರಲ್ಲಿ.

ಚೆಟ್ಟಳ್ಳಿ ಗೋಲಿ
ಗೋಲಿಗಳ ವಿಷಯ ಬಂದ್ಮೇಲೆ ಬ್ರೆಜಿಲ್‌ನ ಬಾರ್ಬೋಸಾ ಹೆಸರು ಹೇಳದೆ ಹೋಗೋಕೆ ಮನಸ್ಸಾಗಲ್ಲ. 1950ರಲ್ಲಿ ಮರಕಾನಾದಲ್ಲಿ ಬ್ರೆಜಿಲ್‌ಗೆ ಡ್ರಾ ಸಾಕಿತ್ತು, ಉರುಗ್ವೆ 2-1ರಲ್ಲಿ ಗೆದ್ದಿತು. ಎರಡನೇ ಗೋಲು ಗಿಜ್ಜಿಯಾ ಹೊಡೆದದ್ದು. ಮೊದಲನೇ ಗೋಲಿಗೆ ಅದೇ ವಿಂಗಿನಿಂದ ಕ್ರಾಸ್ ಬಂದಿತ್ತು, ಈಗಲೂ ಕ್ರಾಸ್ ಬರುತ್ತೆ ಅಂತ ಬಾರ್ಬೋಸಾ ಒಂದು ಹೆಜ್ಜೆ ಆಚೆ ಇಟ್ಟ. ಚೆಂಡು ಹತ್ತಿರದ ಕಂಬದ ಸಂದಿಯಿಂದ ಒಳಗೆ ಹೋಯ್ತು. ಯಾವ ಗೋಲಿಯಾದ್ರೂ ಹಾಗೇ ನಿಲ್ತಿದ್ದ. 2000ರಲ್ಲಿ ತೀರಿಕೊಳ್ಳೋ ತನಕ ಅವನಿಗೆ ಅದರ ಮಾತು ತಪ್ಪಲಿಲ್ಲ. ಫಾರ್ವರ್ಡ್ ಹತ್ತು ಚಾನ್ಸ್ ಬಿಟ್ಟು ಒಂದು ಹೊಡೆದ್ರೆ ಹೆಗಲ ಮೇಲೆ ಹೊತ್ಕೊಂಡು ಕುಣೀತಾರೆ. ನಮ್ಮ ಟೂರ್ನಿಗಳಲ್ಲೂ ಇದೇ ನಡೆಯೋದು, ಇದು ನನಗೆ ನಿಜಕ್ಕೂ ನೋವು ಕೊಡುತ್ತೆ.

ಗೋಣಿಕೊಪ್ಪ ಟು ಬೆಂಗಳೂರು
ಭಾರತದವರು ಒಬ್ಬರೂ ಬೇಡ್ವಾ? 1950ರ ವಿಶ್ವಕಪ್‌ಗೆ ನಮಗೆ ಜಾಗ ಸಿಕ್ಕಿತ್ತು, ಬರಿಗಾಲಲ್ಲಿ ಆಡೋಕೆ ಬಿಡಲ್ಲ ಅಂದದ್ದಕ್ಕೆ ಹೋಗಲಿಲ್ಲ.

ಮಡಿಕೇರಿ ಹಳೇ ರೇಡಿಯೋ
ಬರಿಗಾಲಿನ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ನಿಜವಾದ ಕಾರಣ ಅದಲ್ಲ. ನಮ್ಮ ಗುಂಪಿನ ಉಳಿದ ದೇಶಗಳು ಹಿಂದೆ ಸರಿದದ್ದರಿಂದ ನಮಗೆ ಜಾಗ ಬಂತು. ಪ್ರಯಾಣದ ಹೆಚ್ಚಿನ ಖರ್ಚು ಕೊಡೋಕೆ ಬ್ರೆಜಿಲ್‌ನವರೇ ತಯಾರಿದ್ದರು. ನಮ್ಮ ಫುಟ್‌ಬಾಲ್ ಫೆಡರೇಶನ್‌ಗೆ ಆಗ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್‌ನ ಬೆಲೆ ಗೊತ್ತಿರಲಿಲ್ಲ, ಕಳಿಸಲಿಲ್ಲ. ಕ್ಯಾಪ್ಟನ್ ಆಗಿದ್ದ ಶೈಲೇನ್ ಮನ್ನಾ ಅವರೂ ಆಮೇಲೆ ಇದನ್ನೇ ಹೇಳಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದ್ದು, ಎರಡು ಪೆನಾಲ್ಟಿ ಕೈಬಿಟ್ಟೂ 2-1ರಲ್ಲಷ್ಟೇ ಸೋತದ್ದು. ಬೂಟು ಕಡ್ಡಾಯ ಮಾಡಿದ್ದು 1952ರ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆದ ಮೇಲೆ.

ಗೋಣಿಕೊಪ್ಪ ಟು ಬೆಂಗಳೂರು
ಸರಿ, ಕಾರಣ ಏನೇ ಇರಲಿ, ನಮ್ಮವರ ಆಟ ಸಣ್ಣದಾಗಿರಲಿಲ್ಲ ಅನ್ನೋದೇ ನನ್ನ ಮಾತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಅವರ ನೆಲದಲ್ಲೇ ನೆವಿಲ್ ಡಿಸೋಜಾ ಹ್ಯಾಟ್ರಿಕ್, ನಾವು ನಾಲ್ಕನೇ ಸ್ಥಾನ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಅಂತೂ ಮಕ್ಕಳಿಗೆ ಕೂರಿಸಿ ಹೇಳಬೇಕಾದ್ದು. ಕೋಚ್ ಸೈಯದ್ ಅಬ್ದುಲ್ ರಹೀಂ ಅವರಿಗೆ ಕ್ಯಾನ್ಸರ್. ರಾಜಕೀಯ ಜಗಳದಿಂದ ಇಡೀ ಸ್ಟೇಡಿಯಂ ನಮ್ಮ ವಿರುದ್ಧ ಕೂಗ್ತಾ ಇತ್ತು. ಲೀಗಿನಲ್ಲಿ ನಮ್ಮನ್ನ 2-0 ಸೋಲಿಸಿದ್ದ ದಕ್ಷಿಣ ಕೊರಿಯಾವೇ ಫೈನಲ್‌ಗೆ ಎದುರು. ಸ್ಟಾಪರ್ ಜರ್ನೈಲ್ ಸಿಂಗ್‌ಗೆ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿತ್ತು. ಹಿಂದೆ ಆಡಿಸೋದು ಕಷ್ಟ ಅಂತ ಜರ್ನೈಲ್ ಅವರನ್ನ ರಹೀಂ ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲ್‌ನಲ್ಲೂ ಗೋಲು, ಫೈನಲ್‌ನಲ್ಲೂ ಗೋಲು. ಇನ್ನೊಂದು ಪಿ.ಕೆ. ಬ್ಯಾನರ್ಜಿ. 2-1, ಚಿನ್ನ. ಮುಂದಿನ ವರ್ಷವೇ ರಹೀಂ ಹೋದರು. ಫುಟ್‌ಬಾಲ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ನಮಗೆ ಮತ್ತೆ ಬಂದಿಲ್ಲ.

ಸೆವೆನ್ಸ್ ಸುಂಟಿಕೊಪ್ಪ
ಇದನ್ನ ನಾನು ಪಟ್ಟಿಗೆ ತರಲೇಬೇಕು. ಜರ್ನೈಲ್ ಸಿಂಗ್ ಒಂದು ಜಾಗ ಖಾತ್ರಿ.

ಸಿದ್ದಾಪುರ ಹತ್ತು
ಭಾರತದವರು ಅಂದ್ರೆ ಸುನಿಲ್ ಛೇತ್ರಿ ಅಲ್ವಾ? 2024ರ ಜೂನ್‌ನಲ್ಲಿ ವಿದಾಯ ಹೇಳುವಾಗ 94 ಗೋಲು. ನಮ್ಮ ಬೆಂಗಳೂರಿನಲ್ಲೇ ಆಡ್ತಿದ್ದವರು, ಹುಡುಗರು ಕಣ್ಣಾರೆ ನೋಡಿದ್ದಾರೆ.

ಗೋಣಿಕೊಪ್ಪ ಟು ಬೆಂಗಳೂರು
ಛೇತ್ರಿ ಮೇಲೆ ಅಪಾರ ಗೌರವ ಇದೆ. ಆದರೆ ಹುಡುಗರಿಗೆ ಈಗಾಗಲೇ ಗೊತ್ತಿರುವವರನ್ನೇ ಗೋಡೆಗೆ ಹಾಕಿ ಎಂತ ಪ್ರಯೋಜನ? ಮೆಸ್ಸಿಯ ಫೋಟೋ ಅವರ ಮೊಬೈಲ್‌ನಲ್ಲಿದೆ, ಟೀಶರ್ಟ್‌ನಲ್ಲಿದೆ, ಆಟೋ ಹಿಂದೆ ಇದೆ. ಕೇರಳದ ಪುಳ್ಳಾವೂರಿನಲ್ಲಿ 2022ರಲ್ಲಿ ಹೊಳೆ ಮಧ್ಯೆ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್ ನಿಲ್ಲಿಸಿದ್ರು. ಗೇಟ್ ಹತ್ತಿರ ನಿಂತು "ಇದು ಯಾರು?" ಅಂತ ಮಗು ಕೇಳಬೇಕು, ಪಕ್ಕದವರು ಹೇಳಬೇಕು. ಹಾಗಿರೋರನ್ನ ಹಾಕಿ.

ಸಿದ್ದಾಪುರ ಹತ್ತು
ಮೆಸ್ಸಿ ಇಲ್ಲದ ಗೋಡೆಯನ್ನ ಯಾವ ಹುಡುಗನೂ ತಿರುಗಿ ನೋಡಲ್ಲ. 2022ರ ಫೈನಲ್ 3-3, ಎಂಬಾಪೆ ಹ್ಯಾಟ್ರಿಕ್ ಹೊಡೆದ್ರೂ ಶೂಟೌಟ್‌ನಲ್ಲಿ ಕಪ್ ಎತ್ತಿದವನು. 2011ರಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್‌ಗೆ ಬಂದು ವೆನೆಜುವೆಲಾ ಎದುರು ಆಡಿದವನು.

ಅಮ್ಮತ್ತಿ ಪಿ.ಟಿ. ಟೀಚರ್
ಮೆಸ್ಸಿ ಒಬ್ಬ ಇರಲಿ. ಅವನನ್ನ ನೋಡೋಕೆ ಬಂದವರು ಪಕ್ಕದವರನ್ನೂ ನೋಡ್ತಾರೆ.

ಪಾಲಿಬೆಟ್ಟ ಮಳೆ
ಆಫ್ರಿಕಾದವರು ಯಾರೂ ಬರಲೇ ಇಲ್ಲ. 1990ರಲ್ಲಿ ನಮ್ಮ ಲೈನಿನಲ್ಲಿ ಒಂದೇ ಟಿವಿ. ಕೊಲಂಬಿಯಾದ ಗೋಲಿ ಹಿಗ್ವಿಟಾ ಮುಂದಕ್ಕೆ ಬಂದು ಚೆಂಡಿನ ಜೊತೆ ಆಡೋಕೆ ಹೋದ, ಕ್ಯಾಮರೂನ್‌ನ 38 ವರ್ಷದ ರೋಜರ್ ಮಿಲ್ಲಾ ಅದನ್ನ ಕಸಿದು ಖಾಲಿ ಗೋಲಿಗೆ ಹೊಡೆದು ಕಾರ್ನರ್ ಬಾವುಟದ ಹತ್ತಿರ ಕುಣಿದ. ನಮ್ಮ ಅಪ್ಪ ಬೆಳಿಗ್ಗೆಯಿಂದ ಸಂಜೆ ತನಕ ತೋಟದಲ್ಲಿ ಕೆಲಸ ಮಾಡಿ ಬಂದವರು, ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ನಾಲ್ಕು ವರ್ಷ ಬಿಟ್ಟು 42ರ ವಯಸ್ಸಿನಲ್ಲಿ ರಷ್ಯಾ ಮೇಲೂ ಗೋಲು ಹೊಡೆದ. ಮೊಜಾಂಬಿಕ್‌ನಲ್ಲಿ ಹುಟ್ಟಿದ ಯುಸೇಬಿಯೊನೂ ಇದ್ದಾನೆ. 1966ರಲ್ಲಿ ಉತ್ತರ ಕೊರಿಯಾ 3-0 ಮುಂದಿದ್ದಾಗ ನಾಲ್ಕು ಗೋಲು ಹೊಡೆದು ಪೋರ್ಚುಗಲ್‌ಗೆ 5-3 ತಂದುಕೊಟ್ಟವನು.

ಸೆವೆನ್ಸ್ ಸುಂಟಿಕೊಪ್ಪ
ಎಲ್ಲ ಓದಿದೆ. ಸಂಘದ ಮುಂದೆ ಇಡೋದು ಹೀಗೆ: ಪೆಲೆ, ಯಾಶಿನ್, ಮಾರ್ತಾ, ಜರ್ನೈಲ್ ಸಿಂಗ್, ಮೆಸ್ಸಿ. ನನ್ನ ಮೊದಲ ಪಟ್ಟಿಯಲ್ಲಿ ಉಳಿದದ್ದು ಇಬ್ಬರೇ. ಮರಡೋನಾ ಬಿಟ್ಟದ್ದಕ್ಕೆ ಸಿದ್ದಾಪುರದವರು ಬೈಯ್ಯೋದು ಗೊತ್ತು.

ಸಿದ್ದಾಪುರ ಹತ್ತು
ಬೈತೇನೆ. ಸಂಘದ ಸಭೆಗೆ ಬಂದೇ ಬೈತೇನೆ.

ಮೂರ್ನಾಡು ಬ್ಯಾಕ್
ಜರ್ನೈಲ್ ಬ್ಯಾಕ್ ಆಗಿದ್ದಕ್ಕೆ ಸುಮ್ಮನಿದ್ದೇನೆ. ಕೆಳಗಿನ ಸಾಲಿನಲ್ಲಿ ರಹೀಂ ಹೆಸರು ಬಿಡಬೇಡಿ.

ಮಡಿಕೇರಿ ಹಳೇ ರೇಡಿಯೋ
ಪೆಲೆಯನ್ನ ಒಂಟಿಯಾಗಿ ಬರೆಸಬೇಡಿ. ಅದೇ ಚೌಕದಲ್ಲಿ ಗ್ಯಾರಿಂಚಾನೂ ಬರಲಿ, ಎರಡನೇ ಚಿತ್ರದ ಬಣ್ಣದ ಖರ್ಚು ನನ್ನದು. ಅವರ ಎರಡು ಕಾಲೂ ಹುಟ್ಟಿನಿಂದಲೇ ಸೊಟ್ಟ, ಒಂದು ಇನ್ನೊಂದಕ್ಕಿಂತ ಗಿಡ್ಡ. ಬರೆಯೋ ಹುಡುಗನಿಗೆ ಮೊದಲೇ ಹೇಳಿಡಿ, ಚಂದ ಕಾಣಲಿ ಅಂತ ಕಾಲು ನೆಟ್ಟಗೆ ಮಾಡೋದು ಬೇಡ.